ಘನಸ್ಥಿತಿ ಭೌತಶಾಸ್ತ್ರಕ್ಕೆ ನಾನು ಪುಸ್ತಕ ಆರಿಸಿಕೊಂಡ ಬಗೆ

ದಾವಣಗೆರೆಯ ಪದವಿ ಕಾಲೇಜೊಂದರಲ್ಲಿ ಬಿ.ಎಸ್ಸಿ. ಅಂತಿಮ ವರ್ಷದವರಿಗೆ ಘನಸ್ಥಿತಿ ಭೌತಶಾಸ್ತ್ರ ಕಲಿಸುತ್ತೇನೆ. ಬಹಳ ವರ್ಷ ಗೈಡನ್ನೇ ನೆಚ್ಚಿಕೊಂಡು ಪಾಠ ಮಾಡಿದೆ. ಅದನ್ನು ಕೈಬಿಡುವಂತೆ ಮಾಡಿದ್ದು ಪ್ರಯೋಗಾಲಯದಲ್ಲಿ ಎದ್ದ ಒಂದು ಪ್ರಶ್ನೆ.

ಅಂದು ಹಾಲ್ ಪರಿಣಾಮದ ಪ್ರಯೋಗ: ವಿದ್ಯುತ್ ಹರಿಯುವ ವಸ್ತುವನ್ನು ಕಾಂತಕ್ಷೇತ್ರದಲ್ಲಿಟ್ಟಾಗ ಅಡ್ಡಲಾಗಿ ಹುಟ್ಟುವ ಸಣ್ಣ ವೋಲ್ಟೇಜನ್ನು ಅಳೆಯುವುದು. ವಿದ್ಯುತ್ಕಾಂತದ ಧ್ರುವಗಳ ನಡುವೆ ಉಗುರಿನಷ್ಟಗಲದ ಜರ್ಮೇನಿಯಂ ಹರಳು. ಹೆಚ್ಚುವರಿ ಎಲೆಕ್ಟ್ರಾನುಗಳಿರುವಂತೆ ಬೆರಕೆ ಮಾಡಿದ ಎನ್-ಮಾದರಿಯದನ್ನು ತೆಗೆದು, ಎಲೆಕ್ಟ್ರಾನುಗಳ ಕೊರತೆ ಇರುವಂತೆ ಬೆರಕೆ ಮಾಡಿದ ಪಿ-ಮಾದರಿಯದನ್ನು ಕೂರಿಸಿದೊಡನೆ ಮೀಟರಿನಲ್ಲಿ ವೋಲ್ಟೇಜಿನ ಚಿಹ್ನೆ ತಿರುಗಿತು. ಜಗಳೂರು ಕಡೆಯ ವಿದ್ಯಾರ್ಥಿನಿ ಕೇಳಿದಳು: "ಸರ್, ಎರಡರಲ್ಲೂ ಹರಿಯುವುದು ಎಲೆಕ್ಟ್ರಾನೇ ಅಲ್ಲವೇ? ಚಿಹ್ನೆ ಏಕೆ ಬದಲಾಯಿತು?" ಗೈಡು ತೆರೆದರೆ, ಪಿ-ಮಾದರಿಯಲ್ಲಿ ರಂಧ್ರಗಳು ಚಲಿಸುತ್ತವೆ ಎಂಬ ಒಂದೇ ಸಾಲು. ಅವಳ ಪ್ರಶ್ನೆಗೆ ಇನ್ನೊಂದು ಹೆಸರಿಟ್ಟಂತಾಯಿತೇ ಹೊರತು ಉತ್ತರ ಸಿಗಲಿಲ್ಲ. ನನಗೆ ಬಹಳ ಕಸಿವಿಸಿಯಾಯಿತು.

ಆ ಪ್ರಶ್ನೆಯನ್ನೇ ಒರೆಗಲ್ಲು ಮಾಡಿಕೊಂಡು ಪುಸ್ತಕಗಳನ್ನು ನೋಡತೊಡಗಿದೆ. 1953ರಲ್ಲಿ ಮೊದಲು ಪ್ರಕಟವಾದ ಚಾರ್ಲ್ಸ್ ಕಿಟೆಲ್ ಅವರ ಪಠ್ಯಪುಸ್ತಕ ಸ್ಫಟಿಕ ರಚನೆಯಿಂದ ಆರಂಭವಾಗುತ್ತದೆ. ಅಂಕಿಅಂಶದ ಕೋಷ್ಟಕಗಳಿಗೆ ಈಗಲೂ ಅದನ್ನೇ ತೆರೆಯುತ್ತೇನೆ. ಆದರೆ ಬರಹ ಬಲು ಬಿಗಿ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಒಂದು ಪ್ಯಾರಾ ಬಿಡಿಸಿ ಹೇಳುವಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು. 1976ರ ಆಶ್‌ಕ್ರಾಫ್ಟ್–ಮರ್ಮಿನ್ ಜೋಡಿಯ ಪುಸ್ತಕ ನನ್ನನ್ನು ಹಿಡಿದು ಕೂರಿಸಿತು. ಲೋಹದ ಎಲೆಕ್ಟ್ರಾನುಗಳು ಸ್ವತಂತ್ರವಾಗಿವೆ ಎಂಬ ಸರಳ ಸಿದ್ಧಾಂತವನ್ನು ಮೊದಲು ಕಟ್ಟಿ, ಮೂರನೆಯ ಅಧ್ಯಾಯವನ್ನು ಪೂರ್ತಿ ಅದರ ಸೋಲುಗಳಿಗೇ ಮೀಸಲಿಟ್ಟಿದ್ದಾರೆ. ಹಾಲ್ ವೋಲ್ಟೇಜಿನ ಪ್ರಮಾಣ, ದಿಕ್ಕು ಹೇಳುವ ಹಾಲ್ ಗುಣಾಂಕದ ಚಿಹ್ನೆ ಆ ಸೋಲುಗಳಲ್ಲಿ ಒಂದು: ಸಿದ್ಧಾಂತದಂತೆ ಅದು ಸದಾ ಋಣ, ಸತುವಿನಲ್ಲಿ ಅಳೆದರೆ ಧನ! ಇಷ್ಟು ಪ್ರಾಮಾಣಿಕವಾಗಿ ಬರೆದದ್ದನ್ನು ಓದಿ ಹಿಗ್ಗಿದೆ. ಆದರೂ ಎಂಟುನೂರು ಪುಟ ಮೀರಿದ ಆ ಗ್ರಂಥ ಪದವಿ ತರಗತಿಗೆ ಹೊರೆ.

ಕೊನೆಗೆ ತರಗತಿಗೆ ಒಪ್ಪಿಕೊಂಡದ್ದು ಸ್ಟೀವನ್ ಸೈಮನ್ 2013ರಲ್ಲಿ ಹೊರತಂದ ಪುಸ್ತಕ. ಎದುರು ಕುಳಿತು ಮಾತನಾಡಿದಂತಹ ಇಂಗ್ಲಿಷ್. ಬಹುತೇಕ ತುಂಬಿದ ಶಕ್ತಿಪಟ್ಟಿಯ (ಹರಳಿನ ಎಲೆಕ್ಟ್ರಾನುಗಳಿಗೆ ಲಭ್ಯವಿರುವ ಶಕ್ತಿಮಟ್ಟಗಳ ಗುಂಪು) ಮೇಲ್ತುದಿಯಲ್ಲಿ ಎಲೆಕ್ಟ್ರಾನಿನ ಪರಿಣಾಮಕ ದ್ರವ್ಯರಾಶಿ, ಅಂದರೆ ಹರಳಿನೊಳಗೆ ಬಲಕ್ಕೆ ಅದು ಸ್ಪಂದಿಸುವ ರೀತಿಯಿಂದ ಲೆಕ್ಕ ಹಾಕಿದ ದ್ರವ್ಯರಾಶಿ, ಋಣವಾಗುತ್ತದೆ, ಆದ್ದರಿಂದ ಅಲ್ಲಿ ಖಾಲಿಯಾದ ಒಂದು ಸ್ಥಾನ, ಅಂದರೆ ರಂಧ್ರ, ಧನ ಆವೇಶದ ಕಣದಂತೆ ವರ್ತಿಸುತ್ತದೆ ಎಂಬುದನ್ನು ಅದನ್ನಿಟ್ಟುಕೊಂಡು ಹಲಗೆಯ ಮೇಲೆ ಹಂತ ಹಂತವಾಗಿ ತೋರಿಸಬಹುದು. ಒಂದು ತೊಡಕಿದೆ: ಪುಸ್ತಕ ವಿಶಿಷ್ಟೋಷ್ಣದಿಂದ ಆರಂಭವಾಗುತ್ತದೆ, ನಮ್ಮ ಪಾಠಕ್ರಮ ಸ್ಫಟಿಕದಿಂದ. ಹಾಗಾಗಿ ಅಧ್ಯಾಯಗಳನ್ನು ಹಿಂದೆಮುಂದೆ ಮಾಡಿ ಕಲಿಸಬೇಕು.

ಬೆಲೆ ಎಲ್ಲರ ಕೈಗೆಟುಕದು ಎಂದು ಗ್ರಂಥಾಲಯಕ್ಕೆ ಪ್ರತಿಗಳನ್ನು ತರಿಸಿದೆ. ರಂಧ್ರಗಳ ವಿವರಣೆ ಇರುವ ಪುಟಗಳ ಅಂಚಿನಲ್ಲಿ ಈಗ ಮಕ್ಕಳೇ ಪೆನ್ಸಿಲಿನಿಂದ ಕನ್ನಡದಲ್ಲಿ ಅರ್ಥ ಬರೆದಿದ್ದಾರೆ. ಅಳಿಸಬೇಡಿ ಎಂದು ಗ್ರಂಥಪಾಲಕರಿಗೆ ಹೇಳಿದ್ದೇನೆ.