ಬಟ್ಟಲಿನ ಕೊನೆಯ ನಾಲ್ಕು ಚಮಚ

ಸೆರೆಬ್ರಲ್ ಪಾಲ್ಸಿ (ಮೆದುಳಿನ ಹಾನಿಯಿಂದ ಸ್ನಾಯುಗಳ ಹಿಡಿತ ತಪ್ಪುವ ಸ್ಥಿತಿ) ಇದ್ದು ನುಂಗಲು ಕಷ್ಟಪಡುವವರನ್ನು ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಆರೈಕೆ ಮನೆಗೆ ಸೇರಿಸುವಾಗ, "ಅನ್ನ ಸಾರು ಕಲಸಿ ಕೊಡಿ, ಸಾಕು" ಎನ್ನುತ್ತಾರೆ ಮನೆಯವರು. ನಾವು ಮೊದಲು ನಿಲ್ಲಿಸುವುದು ಅದನ್ನೇ. ಅಗುಳು ಬಾಯಲ್ಲಿ ಉಳಿದಿರುತ್ತದೆ, ಸಾರು ಮುಂದೆ ಓಡಿ ಶ್ವಾಸನಾಳಕ್ಕೆ ಇಳಿಯುತ್ತದೆ. ಎರಡನ್ನೂ ಮಿಕ್ಸಿಯಲ್ಲಿ ಒಂದೇ ಹದಕ್ಕೆ ರುಬ್ಬಿದರೆ ರುಚಿ ಅದೇ, ಅಪಾಯ ಕಡಿಮೆ.

ಯಾರಿಗೆ ಯಾವ ಹದ ಎಂದು ಹೇಳಬೇಕಾದವರು ಮಾತಿನ ಜೊತೆಗೆ ನುಂಗುವಿಕೆಯನ್ನೂ ನೋಡುವ ಸ್ಪೀಚ್ ಥೆರಪಿಸ್ಟ್. ಹೆಚ್ಚಿನವರಿಗೆ ಬರೆದುಕೊಡುವುದು ಐಡಿಡಿಎಸ್‌ಐ (ಆಹಾರ, ಪಾನೀಯಗಳ ಹದ ಹೇಳುವ ಅಂತರರಾಷ್ಟ್ರೀಯ ಮಾಪನ) 4ನೇ ಮಟ್ಟ, ಅಂದರೆ ನುಣ್ಣಗೆ ರುಬ್ಬಿದ ಹದ. ಫೋರ್ಕಿನ ಮೇಲೆ ಗುಡ್ಡೆಯಾಗಿ ನಿಲ್ಲಬೇಕು. ಸಂದಿಯಿಂದ ಸಣ್ಣ ಬಾಲ ಇಳಿದರೆ ಪರವಾಗಿಲ್ಲ, ತೊಟ್ಟಿಕ್ಕುತ್ತಲೇ ಇರಬಾರದು. ಚಮಚ ಓರೆ ಮಾಡಿದರೆ ಒಂದೇ ಮುದ್ದೆಯಾಗಿ ಜಾರಬೇಕು. ಚಮಚಕ್ಕೆ ಅಂಟಿದ್ದು ಗಂಟಲಿಗೂ ಅಂಟುತ್ತದೆ. ಗಂಜಿ ಆರುತ್ತ ಬಿಗಿಯಾಗುವುದರಿಂದ ಒಲೆಯ ಹತ್ತಿರ ನೋಡಿದರೆ ಸಾಲದು, ಉಣ್ಣಿಸುವ ಹೊತ್ತಿಗೆ ನೋಡಬೇಕು.

ಊಟದ ಕೊನೆಯಲ್ಲಿ ಕೆಮ್ಮು ಬಂದರೆ ಮಾವಶಿಯರು (ಆರೈಕೆ ಮಾಡುವ ಹೆಂಗಸರು) "ಪೋಟ್ ಭರಲಂ", ಹೊಟ್ಟೆ ತುಂಬಿತು, ಎಂದು ಬಟ್ಟಲು ಎತ್ತಿಬಿಡುತ್ತಾರೆ. ಎಷ್ಟೋ ಸಲ ಹೊಟ್ಟೆ ತುಂಬಿರುವುದಿಲ್ಲ, ಗಂಜಿ ನೀರಾಗಿರುತ್ತದೆ. ಬಾಯಿಗೆ ಹೋದ ಚಮಚ ಮತ್ತೆ ಬಟ್ಟಲಿಗೆ ಬಂದಾಗ ಜೊಲ್ಲೂ ಬರುತ್ತದೆ. ಅದರಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಶುರುವಿನಲ್ಲಿ 4ನೇ ಮಟ್ಟದಲ್ಲಿದ್ದ ರಾಗಿ ಗಂಜಿ ತಳದಲ್ಲಿ ತೆಳ್ಳಗಾಗುತ್ತದೆ. ಅದಕ್ಕೇ ಎರಡು ಬಟ್ಟಲು: ದೊಡ್ಡದು ಮುಚ್ಚಿರುತ್ತದೆ, ಚಿಕ್ಕದಕ್ಕೆ ಏಳೆಂಟು ಚಮಚದಷ್ಟು ಮಾತ್ರ ಬಡಿಸಿ, ಅದು ಮುಗಿದ ಮೇಲೆ ಮತ್ತೆ. ಸಾರಿನಂತೆಯೇ ಶ್ವಾಸನಾಳಕ್ಕೆ ಓಡುವ ನೀರು, ಚಹಾ ಗಟ್ಟಿ ಮಾಡಲು ಕಾರ್ನ್‌ಫ್ಲೋರ್ ಬೇಡ, ಅದೂ ಪಿಷ್ಟವೇ. ಕ್ಸಾಂಥನ್ ಗಮ್ ಪುಡಿ ಹಾಕಿ ಗಟ್ಟಿ ಮಾಡಿದ್ದು ಜೊಲ್ಲಿಗೆ ತೆಳ್ಳಗಾಗುವುದಿಲ್ಲ. ಆದರೆ ಗಟ್ಟಿ ನೀರನ್ನು ಯಾರೂ ಇಷ್ಟಪಟ್ಟು ಕುಡಿಯುವುದಿಲ್ಲ. ದಿನಕ್ಕೆ ಎಷ್ಟು ಮಿಲಿ ಹೋಯಿತೆಂದು ಬರೆದಿಡದಿದ್ದರೆ ಮಲಬದ್ಧತೆ ಗ್ಯಾರಂಟಿ.

ಉಣ್ಣಿಸುವವರು ಸ್ಟೂಲಿನ ಮೇಲೆ ಕೂರಲೇಬೇಕು. ನಿಂತು ಉಣ್ಣಿಸಿದರೆ ಉಣ್ಣುವವರು ಕತ್ತು ಎತ್ತುತ್ತಾರೆ, ಶ್ವಾಸನಾಳ ತೆರೆದುಕೊಳ್ಳುತ್ತದೆ. ಸೊಂಟ ಹಿಂದಕ್ಕೆ ಒತ್ತಿ, ಪಾದಕ್ಕೆ ಆಸರೆ ಕೊಟ್ಟು, ಗಲ್ಲ ತುಸು ಕೆಳಗೆ. ಚಪ್ಪಟೆ ಚಮಚದಲ್ಲಿ ಅರ್ಧವಷ್ಟೇ. ಚಮಚ ಕಚ್ಚಿಹಿಡಿಯುವವರಿಗೆ ಸಿಲಿಕೋನ್; ಸ್ಟೀಲ್ ಹಲ್ಲಿಗೆ ಪೆಟ್ಟು, ತೆಳು ಪ್ಲಾಸ್ಟಿಕ್ ಮುರಿಯುತ್ತದೆ. ಊಟದ ನಂತರ 30 ನಿಮಿಷ ಮಲಗಿಸುವಂತಿಲ್ಲ. ಒಬ್ಬ ಮಾವಶಿಗೆ ನಾಲ್ವರನ್ನು ಕೊಟ್ಟರೆ ಇದೊಂದೂ ನಡೆಯದು, ಹಾಗಾಗಿ ಊಟ ಎರಡು ಸರದಿಯಲ್ಲಿ.

ಚಹಾದಲ್ಲಿ ಅದ್ದಿದ ಪಾವ್ ಮೆತ್ತಗಿದೆ ಎಂದು ನಂಬಬೇಡಿ: ಅಂಗುಳಕ್ಕೆ ಅಂಟಿ, ಚಹಾ ಬೇರೆ ಸುರಿಯುತ್ತದೆ. ನಿಧಾನವಾಗಿ ಕರಗುವ ಫಿಟ್ಸ್ ಮಾತ್ರೆಯನ್ನು ಗಂಜಿಗೆ ಪುಡಿ ಮಾಡಿ ಹಾಕಬಾರದು, ಇಡೀ ದಿನದ ಔಷಧ ಒಮ್ಮೆಗೇ ಬಿಟ್ಟಂತಾಗುತ್ತದೆ. ಡಾಕ್ಟರನ್ನು ಸಿರಪ್ ಇದೆಯೇ ಎಂದು ಕೇಳಿ.

ಕೆಮ್ಮಿಲ್ಲದೆಯೂ ಶ್ವಾಸಕೋಶಕ್ಕೆ ಆಹಾರ ಇಳಿಯಬಹುದು. ಊಟದ ಮೇಲೆ ಗೊರಗೊರ ದನಿ, ಕಣ್ಣಲ್ಲಿ ನೀರು, ಮತ್ತೆ ಮತ್ತೆ ಬರುವ ಜ್ವರ, ತಿಂಗಳಲ್ಲಿ 5% ತೂಕ ಇಳಿಕೆ: ಇವುಗಳಲ್ಲಿ ಒಂದು ಕಂಡರೂ ಥೆರಪಿಸ್ಟನ್ನು ಮತ್ತೆ ಕರೆಸುತ್ತೇವೆ.