ಮಳೆ ಸೀಮೆಯಲ್ಲಿ ಸಿಲ್ಕಿ ಕೋಳಿ: ನನ್ನ ಅನುಭವ

ಸಿಲ್ಕಿಯ ಒಂದು ಗರಿಯನ್ನು ನಾಟಿ ಕೋಳಿಯ ಗರಿಯ ಪಕ್ಕ ಇಟ್ಟು ನೋಡಿ. ನಾಟಿ ಗರಿಯ ಎಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ಬೆರಳಲ್ಲಿ ಸೀಳಿ ಮತ್ತೆ ಸವರಿದರೆ ಕೂಡಿಕೊಳ್ಳುತ್ತವೆ. ಸಿಲ್ಕಿಯದಕ್ಕೆ ಆ ಕೊಂಡಿಗಳಿಲ್ಲ, ಎಳೆಗಳೆಲ್ಲ ಬಿಡಿಬಿಡಿ. ಅದಕ್ಕೇ ಮುಟ್ಟಿದರೆ ರೇಷ್ಮೆ, ನೆನೆದರೆ ಹತ್ತಿ. ಬಿದ್ದ ನೀರು ಜಾರದೆ ಚರ್ಮದವರೆಗೂ ಇಳಿಯುತ್ತದೆ. ಹಾರಲೂ ಆಗುವುದಿಲ್ಲ. ಮಲೆನಾಡಿನ ಮಳೆಯಲ್ಲಿ ಇವನ್ನು ಸಾಕುವಾಗ ಗೂಡು, ನೀರು, ಹಾಸು ಎಲ್ಲವನ್ನೂ ನಾನು ಈ ಗರಿ ನೋಡಿಯೇ ತೀರ್ಮಾನಿಸುತ್ತೇನೆ.

ಗೂಡಿನ ನೆಲ ಅಂಗಳಕ್ಕಿಂತ ಒಂದು ಅಡಿ ಎತ್ತರ, ಸೂರು ಮೂರು ಅಡಿ ಮುಂದಕ್ಕೆ, ಒಂದೊಂದು ಕೋಳಿಗೆ ನಾಲ್ಕು ಚದರಡಿ ಜಾಗ. ಮುಂಗುಸಿ ನುಗ್ಗದಂತೆ ಅರ್ಧ ಇಂಚಿನ ವೆಲ್ಡ್ ಮೆಶ್. ಕೂರುವ ಕೋಲು ಒಂದು ಅಡಿಗಿಂತ ಮೇಲೆ ಬೇಡ. ಹೆಚ್ಚಿನವು ಮೂಲೆಯಲ್ಲಿ ಒತ್ತೊತ್ತಾಗಿ ನೆಲದಲ್ಲೇ ಮಲಗುತ್ತವೆ. ಎರಚಲು ತಡೆಯಲು ನಾಲ್ಕೂ ಕಡೆ ಟಾರ್ಪಾಲು ಬಿಗಿಯುವುದು ಹೊಸಬರ ದೊಡ್ಡ ತಪ್ಪು. ಹಿಕ್ಕೆಯ ಅಮೋನಿಯಾ ಒಳಗೇ ನಿಂತು ಕೋಳಿಯ ಕಣ್ಣು ಊದುತ್ತದೆ, ಉಸಿರು ಕಟ್ಟುತ್ತದೆ. ಮಾಡಿನ ಕೆಳಗೆ ಒಂದು ಅಡಿ ಯಾವಾಗಲೂ ತೆರೆದಿರಲಿ.

ಹಾಸಿಗೆ ಭತ್ತದ ಹೊಟ್ಟು, ನಾಲ್ಕು ಇಂಚು ದಪ್ಪ. ದಿನಾ ಬೆಳಿಗ್ಗೆ ಕೋಲಿನಿಂದ ತಿರುವಿ, ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡುತ್ತೇನೆ. ಕೈ ಬಿಚ್ಚಿದಾಗ ಉದುರಿದರೆ ಸರಿ. ಉಂಡೆಯಾಗಿ ನಿಂತರೆ ಆ ಜಾಗದ ಹೊಟ್ಟು ಅಂದೇ ಹೊರಗೆ. ನೆಲಕ್ಕೆ ಸುಣ್ಣದ ಪುಡಿ ಎರಚಿ, ಮೇಲೆ ಹೊಸ ಹೊಟ್ಟು. ಒದ್ದೆ ಹಾಸಿನಲ್ಲೇ ಮರಿಗಳ ರಕ್ತಭೇದಿ ಬೆಳೆಯುವುದು. ಮರಿ ಮುದುಡಿ ಕೂತು ಹಿಕ್ಕೆಯಲ್ಲಿ ರಕ್ತ ಕಂಡರೆ ಪಶುವೈದ್ಯರು ಹೇಳಿದ ಅಳತೆಯಲ್ಲಿ ಆಂಪ್ರೋಲಿಯಂ ನೀರಿಗೆ ಬೆರೆಸಬೇಕು. ಆ ದಿನಗಳಲ್ಲಿ ಬಿ ಕಾಂಪ್ಲೆಕ್ಸ್ ಕೊಡಬೇಡಿ: ಈ ಮದ್ದು ರೋಗಾಣುವಿಗೆ ಬಿ1 ವಿಟಮಿನ್ ಸಿಗದಂತೆ ಮಾಡಿಯೇ ಕೆಲಸ ಮಾಡುತ್ತದೆ.

ತೆರೆದ ಬಟ್ಟಲಲ್ಲಿ ನೀರಿಟ್ಟರೆ ಜುಟ್ಟು, ಗಡ್ಡ ಎರಡೂ ಅದರಲ್ಲೇ. ಬೆನ್ನಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಕೊಕ್ಕು ತಾಗಿದರೆ ಹನಿ ಬಿಡುವ ನಿಪ್ಪಲ್ ಕಟ್ಟಿದರೆ ಆ ತೊಂದರೆಯೇ ಇಲ್ಲ. ಜುಟ್ಟು ಕಣ್ಣು ಮುಚ್ಚಿದ ಕೋಳಿಗೆ ಮೇವೂ ಕಾಣದು, ಹದ್ದೂ ಕಾಣದು. ಕಣ್ಣಿನ ಮುಂದಿನ ಎಳೆಗಳನ್ನಷ್ಟೇ ಮೊಂಡು ತುದಿಯ ಕತ್ತರಿಯಿಂದ ತೆಗೆಯಿರಿ. ಬುಡದಲ್ಲಿ ನೀಲಿಯಾಗಿ ಕಾಣುವ ಎಳೆಯ ಗರಿಯಲ್ಲಿ ರಕ್ತ ಹರಿಯುತ್ತಿರುತ್ತದೆ, ಅದನ್ನು ಕತ್ತರಿಸಬಾರದು.

ಆ ಜುಟ್ಟಿನ ಕೆಳಗೆ ಇನ್ನೊಂದು ಸೂಕ್ಷ್ಮವಿದೆ. ಅನೇಕ ಸಿಲ್ಕಿಗಳ ತಲೆಬುರುಡೆ ಮೇಲಕ್ಕೆ ಉಬ್ಬಿ, ಅಲ್ಲಿ ಮೂಳೆ ಪೂರ್ತಿ ಮುಚ್ಚಿರುವುದಿಲ್ಲ. ನಾಟಿ ಹುಂಜ ಒಂದು ಸಲ ಕುಕ್ಕಿದರೂ ಮಿದುಳಿಗೆ ಪೆಟ್ಟು. ಕತ್ತು ತಿರುಚಿ, ತಲೆ ಕೆಳಗಾಗಿ, ಹಿಂದಕ್ಕೆ ನಡೆಯತೊಡಗುತ್ತದೆ. ಬೇರೆ ತಳಿಯ ಜೊತೆ ಇವನ್ನು ಕೂಡಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಹಾಗಾದ ಕೋಳಿಯನ್ನು ಬೇರೆ ಪೆಟ್ಟಿಗೆಗೆ ಹಾಕಿ, ಸುತ್ತ ಬಟ್ಟೆ ಒತ್ತಿ, ಕೊಕ್ಕಿನ ಬದಿಯಿಂದ ಹನಿಹನಿ ನೀರು, ಬೇಯಿಸಿದ ಮೊಟ್ಟೆ ಕೊಟ್ಟು, ವೈದ್ಯರನ್ನು ಕೇಳಿ ವಿಟಮಿನ್ ಇ ಶುರು ಮಾಡುತ್ತೇನೆ. ಚೇತರಿಕೆಗೆ ವಾರಗಳೇ ಹಿಡಿಯಬಹುದು. ಇದೇ ಲಕ್ಷಣ ರಾಣಿಖೇತ್ ಎಂದೂ ಕರೆಯುವ, ಬೇಗ ಹರಡುವ ಕೊಕ್ಕರೆ ರೋಗದಲ್ಲೂ ಬರುತ್ತದೆ; ಒಂದಕ್ಕಿಂತ ಹೆಚ್ಚು ಕೋಳಿಗೆ ಬಂದರೆ ಪೆಟ್ಟು ಎಂದು ಸುಮ್ಮನಿರಬೇಡಿ.

ಮರಿ ಕೊಳ್ಳುವಾಗ, ಕಾಲು ರೆಕ್ಕೆ ಸೋಲಿಸುವ ಮ್ಯಾರೆಕ್ಸ್ ಎಂಬ ವೈರಸ್ ರೋಗದ ಲಸಿಕೆ ಮೊದಲ ದಿನವೇ ಆಗಿದೆಯೇ ಎಂದು ಕೇಳಿ. ಈ ತಳಿಗೆ ಆ ರೋಗ ಬೇಗ ತಗಲುತ್ತದೆ. 7ನೇ ದಿನ ಕೊಕ್ಕರೆ ರೋಗಕ್ಕೆ ಲಸೋಟ ಎಂಬ ಲಸಿಕೆ, 14ನೇ ದಿನ ಗುಂಬೊರೊ ಎಂಬ ಇನ್ನೊಂದು ವೈರಸ್ ರೋಗದ ಲಸಿಕೆ. ಮೊದಲ ವಾರ ಬಲ್ಬಿನಡಿ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಕೆ. ಹುಂಜವೋ ಹೇಂಟೆಯೋ ತಿಳಿಯಲು ನಾಲ್ಕೈದು ತಿಂಗಳು ಬೇಕು. ಕಾಲಿನಲ್ಲಿ ಐದು ಬೆರಳು, ಕಡಕ್‌ನಾಥ್‌ನಂತೆ ಕಪ್ಪು ಚರ್ಮ ಇಲ್ಲದಿದ್ದರೆ ಅದು ಬೆರಕೆ.

ಕಾಲಿನ ಗರಿ ಸರಿಸಿ ತಿಂಗಳಿಗೊಮ್ಮೆ ನೋಡಿ. ಹುರುಪೆ ಎದ್ದು ಒರಟಾಗಿದ್ದರೆ ನುಸಿ ಹೊಕ್ಕಿದೆ. ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ದಪ್ಪಗೆ ಹಚ್ಚಿದರೆ ಉಸಿರುಗಟ್ಟಿ ಸಾಯುತ್ತದೆ. ಎರಡು ದಿನಕ್ಕೊಮ್ಮೆ, ಮೂರ್ನಾಲ್ಕು ವಾರ.

ಕಾವಿಗೆ ಕೂರುವುದರಲ್ಲಿ ಇವುಗಳಿಗೆ ಸರಿಸಾಟಿಯಿಲ್ಲ. ತನ್ನ ಮೊಟ್ಟೆಯಾದರೆ ಎಂಟು, ನಾಟಿಯ ದಪ್ಪ ಮೊಟ್ಟೆಯಾದರೆ ಐದಾರು ಇಡುತ್ತೇನೆ. 21 ದಿನ. ತಾನಾಗಿ ಏಳದಿದ್ದರೆ ದಿನಕ್ಕೊಮ್ಮೆ ಎತ್ತಿ ಮೇವು, ನೀರಿನ ಮುಂದೆ ಬಿಡಬೇಕು, ಇಲ್ಲವಾದರೆ ಹೇಂಟೆ ಸೊರಗುತ್ತದೆ. ಎತ್ತುವ ಮುಂಚೆ ರೆಕ್ಕೆಯಡಿ ಕೈಯಾಡಿಸಿ, ಮೊಟ್ಟೆ ಸಿಕ್ಕಿಕೊಂಡಿರುತ್ತದೆ. ಮರಿ ಬಂದ ಮೇಲೂ ಅಷ್ಟೇ: ತಾಯಿಯ ಹೊಟ್ಟೆಯಡಿಯ ಉದ್ದ ಎಳೆ ಮರಿಯ ಕುತ್ತಿಗೆಗೆ ಸುತ್ತಿಕೊಳ್ಳುವುದುಂಟು. ಕಾವಿಗೆ ಕೂರಿಸುವ ಮೊದಲೇ ಆ ಎಳೆಗಳನ್ನು ಒಂದು ಇಂಚಿಗೆ ಕತ್ತರಿಸಿಡಿ.