ಭಾಗಾಕಾರದಲ್ಲಿ ಬಿಟ್ಟುಹೋದ ಸೊನ್ನೆ

4294967297. ನಮ್ಮ ಲೆಕ್ಕದಲ್ಲಿ ನಾನೂರ ಇಪ್ಪತ್ತೊಂಬತ್ತು ಕೋಟಿ ಚಿಲ್ಲರೆ. 2ರ 32ನೇ ಘಾತಕ್ಕೆ 1 ಕೂಡಿಸಿದರೆ ಬರುವ ಸಂಖ್ಯೆ. ಇದು ಅವಿಭಾಜ್ಯವೆಂದು 17ನೇ ಶತಮಾನದಲ್ಲಿ ಗಣಿತಜ್ಞ ಫರ್ಮಾ ನಂಬಿದ್ದ. ಅಲ್ಲವೆಂದು 1732ರಲ್ಲಿ ಆಯ್ಲರ್ ತೋರಿಸಿದ. ಕಂಪ್ಯೂಟರಿಗೆ ಕೊಟ್ಟರೆ ಕ್ಷಣದಲ್ಲಿ ಒಡೆದುಬಿಡುತ್ತದೆ. ನನಗೋ ಆಯ್ಲರ್‌ನ ಹಾಗೆ ಕೈಲೆಕ್ಕದಲ್ಲೇ ಒಡೆಯುವ ಹಟ.

2, 3, 5, 7 ಎಂದು ಭಾಗಿಸುತ್ತ ಕೂತರೆ ವರ್ಗಮೂಲದವರೆಗೆ, ಅಂದರೆ 65536ರವರೆಗೆ ಹೋಗಬೇಕಾದೀತು. ಅಷ್ಟರೊಳಗೆ 6542 ಅವಿಭಾಜ್ಯಗಳಿವೆ. ಅಷ್ಟು ತಾಳ್ಮೆ ನನ್ನಲ್ಲಿಲ್ಲ. ಪುಣ್ಯಕ್ಕೆ ಒಂದು ಅಡ್ಡದಾರಿ ಇದೆ. ಈ ಸಂಖ್ಯೆಯನ್ನು ಭಾಗಿಸುವ ಯಾವುದೇ ಅವಿಭಾಜ್ಯವನ್ನು 128ರಿಂದ ಭಾಗಿಸಿ ನೋಡಿ, ಶೇಷ 1 ಬರಲೇಬೇಕು. (64ರವರೆಗಿನ ನಿಯಮ ಆಯ್ಲರ್‌ನದು, 128ಕ್ಕೆ ಏರಿಸಿದವನು ಲ್ಯೂಕಾ.) ಹಾಗಾಗಿ ನೋಡಬೇಕಾದವು 129, 257, 385, 513, 641... 129 ಮತ್ತು 513 ಮೂರರ ಮಗ್ಗಿಯವು, 385 ಐದರದು. 257 ಅವಿಭಾಜ್ಯವೇನೋ ಹೌದು. ಆದರೆ ನಮ್ಮ ಸಂಖ್ಯೆಯಲ್ಲಿ 2 ಕಳೆದರೆ ಸಿಗುವ 4294967295 ಎಂದರೆ 3 × 5 × 17 × 257 × 65537; ಅದನ್ನು ಭಾಗಿಸುವ 257, ಎರಡೇ ಹೆಚ್ಚಿರುವ ಇದನ್ನೂ ಭಾಗಿಸುವುದು ಸಾಧ್ಯವಿಲ್ಲ. ಉಳಿದದ್ದು 641!

ಭಾಗಿಸಿದೆ. 4294ರಲ್ಲಿ 6 ಸಲ, 4489ರಲ್ಲಿ 7 ಸಲ, ಉಳಿದದ್ದು ಬರೀ 2. ಮುಂದಿನ 6 ಇಳಿಸಿದರೆ 26, ಸಾಲದು. 7 ಇಳಿಸಿದರೆ 267, ಅದೂ ಸಾಲದು. ಕೊನೆಗೆ ಶೇಷ ಸೊನ್ನೆ, ಭಾಗಲಬ್ಧ 670417. ಖುಷಿಯಲ್ಲಿ ಒಂಬತ್ತರ ತಾಳೆಯನ್ನೂ ನೋಡಿದೆ. ಅಂಕಿಗಳನ್ನು ಕೂಡುತ್ತ ಬಂದರೆ 641 ಎರಡಾಗುತ್ತದೆ, 670417 ಏಳಾಗುತ್ತದೆ, ಗುಣಲಬ್ಧ 14, ಅಂದರೆ 5. ದೊಡ್ಡ ಸಂಖ್ಯೆಯ ಮೊತ್ತ 59, ಅದೂ 5. ಸರಿಯಾಯಿತು ಎಂದುಕೊಂಡೆ.

ಆಮೇಲೆ ಅಂದಾಜು ಹಾಕಿದಾಗ ತಲೆ ಕೆರೆದುಕೊಂಡೆ: ಆರೇಳು ಲಕ್ಷವನ್ನು 641ರಿಂದ ಗುಣಿಸಿದರೆ 43 ಕೋಟಿಯೂ ಆಗದು, ನನಗೆ ಬೇಕಾದದ್ದು 429 ಕೋಟಿ. 26ಕ್ಕೊಂದು, 267ಕ್ಕೊಂದು, ಎರಡು ಸೊನ್ನೆ ಬರೆಯಬೇಕಿತ್ತು, ಬರೆದದ್ದು ಒಂದೇ. ಸರಿಯಾದ ಭಾಗಲಬ್ಧ 6700417. ಸೊನ್ನೆ ಬಿಟ್ಟರೆ ಅಂಕಿಗಳ ಮೊತ್ತ ಬದಲಾಗುವುದೇ ಇಲ್ಲವಲ್ಲ, ಒಂಬತ್ತರ ತಾಳೆ ಹಿಡಿಯುವುದಾದರೂ ಹೇಗೆ? ಹನ್ನೊಂದರ ತಾಳೆ ಹಿಡಿಯುತ್ತದೆ. ಬಲದಿಂದ ಒಂದು ಅಂಕಿ ಕೂಡಿ ಮುಂದಿನದನ್ನು ಕಳೆಯುತ್ತ ಹೋಗಿ, ಬಂದದ್ದನ್ನು ಹನ್ನೊಂದು ಹನ್ನೊಂದಾಗಿ ಕೂಡಿಯೋ ಕಳೆದೋ 0ಯಿಂದ 10ರೊಳಗೆ ತಂದಾಗ 670417 ಸೊನ್ನೆಗಿಳಿಯಿತು, 6700417 ಒಂಬತ್ತಾಯಿತು. ಮೂಲ ಸಂಖ್ಯೆಗೆ ಬೇಕಿದ್ದದ್ದು 5. 641ರದು 3, ಮೂರೊಂಬತ್ತಲ 27, ಅದರಲ್ಲಿ ಎರಡು ಹನ್ನೊಂದು ಕಳೆದರೆ 5.

6700417 ಮತ್ತೆ ಒಡೆಯುತ್ತದೆಯೇ? ಅದರ ವರ್ಗಮೂಲ 2589ಕ್ಕೂ ಕಡಿಮೆ. 128ರ ಜರಡಿಯಲ್ಲಿ ಅಲ್ಲಿಯವರೆಗೆ ಉಳಿಯುವುದು 641, 769, 1153, 1409 ಮಾತ್ರ. ನಾಲ್ಕೇ ಭಾಗಾಕಾರ, ಶೇಷಗಳು ಕ್ರಮವಾಗಿ 44, 120, 334, 622. ಒಡೆಯಲಿಲ್ಲ.